ಅಣ್ಣನೋ ತಮ್ಮನೋ: ಅನುವಾದಕರು ದಿನವಿಡೀ ಏನು ಮಾಡುತ್ತಾರೆ?

ಚಿಕ್ಕವಳಿದ್ದಾಗ ನಮ್ಮೂರ ಲೈಬ್ರರಿಯಲ್ಲಿ 'ಅನು' ಅನ್ನುವ ಹೆಸರು ಪದೇ ಪದೇ ಕಣ್ಣಿಗೆ ಬೀಳುತ್ತಿತ್ತು. ಬಂಗಾಳಿ ಕಾದಂಬರಿ ತೆಗೆದರೂ ಅನು, ರಷ್ಯನ್ ಕಥೆ ತೆಗೆದರೂ ಅನು. ಪಕ್ಕದಲ್ಲಿ ಎರಡು ಚುಕ್ಕಿ, ಆಮೇಲೆ ಇನ್ಯಾರದೋ ಹೆಸರು. ಯಾರಪ್ಪಾ ಈ ಅನು, ಇಷ್ಟೊಂದು ಬರೆದಿದ್ದಾಳಲ್ಲ ಅಂದುಕೊಂಡಿದ್ದೆ. 'ಅನುವಾದಕರು' ಅನ್ನುವುದನ್ನೇ ಹಾಗೆ ಮೊಟಕು ಮಾಡಿದ್ದಾರೆ ಅಂತ ತಿಳಿದದ್ದು ಹೈಸ್ಕೂಲಿಗೆ ಬಂದ ಮೇಲೆ. ಈಗ ಹದಿನೈದು ವರ್ಷದಿಂದ ನಾನೂ ಒಬ್ಬಳು ಅನು.

ಏನು ಕೆಲಸ ಮಾಡ್ತೀರಿ ಅಂತ ಕೇಳಿದವರಿಗೆ ಅನುವಾದ ಅಂದರೆ, ಎರಡರಲ್ಲಿ ಒಂದು ಮಾತು ಬರುತ್ತದೆ. ಒಂದು, "ಎರಡು ಭಾಷೆ ಬಂದರೆ ಸಾಕು ಅಲ್ವಾ?" ಇನ್ನೊಂದು, "ಅದನ್ನ ಈಗ ಫೋನೇ ಮಾಡುತ್ತಲ್ಲ?" ಎರಡಕ್ಕೂ ಉತ್ತರ ಹೇಳೋಣ. ಅದಕ್ಕೆ ಒಂದು ಪುಟ್ಟ ವಾಕ್ಯ ಸಾಕು.

ಒಂದು ಇಂಗ್ಲಿಷ್ ಕಾದಂಬರಿಯ ಮೊದಲ ಪುಟದಲ್ಲೇ 'ಹರ್ ಬ್ರದರ್ ಕೇಮ್ ಇನ್' ಅಂತ ಇದೆ ಅಂದುಕೊಳ್ಳಿ. ನಾಲ್ಕೇ ಪದ. ಮೂರನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ. ಆದರೆ ಕನ್ನಡದಲ್ಲಿ ಬರೆಯಲು ಕೂತರೆ ಪೆನ್ನು ನಿಲ್ಲುತ್ತದೆ. ಬಂದವನು ಅಣ್ಣನೋ ತಮ್ಮನೋ? ಇಂಗ್ಲಿಷಿನವರಿಗೆ ಬ್ರದರ್ ಅಂದರೆ ಮುಗಿಯಿತು, ನಮಗೆ ಮುಗಿಯುವುದಿಲ್ಲ. 'ಸಹೋದರ' ಅಂತ ಹಾಕಿ ತಪ್ಪಿಸಿಕೊಳ್ಳಬಹುದು ನಿಜ. ಆದರೆ ಮನೆಯಲ್ಲಿ ಯಾರಾದರೂ "ನನ್ನ ಸಹೋದರ ಬಂದ" ಅನ್ನುತ್ತಾರಾ? ಅದು ಪೊಲೀಸ್ ದೂರಿನ ಭಾಷೆ. ಮುಂದಿನ ಪ್ರಶ್ನೆ: 'ಬಂದ' ಅನ್ನಬೇಕೋ 'ಬಂದರು' ಅನ್ನಬೇಕೋ? ಆಮೇಲೆ 'ಹರ್'. ಅವಳ, ಆಕೆಯ, ಅವರ, ಇದರಲ್ಲಿ ಯಾವುದು? ಕಥೆ ಹೇಳುತ್ತಿರುವವರು ಅವಳನ್ನು ಎಷ್ಟು ಹತ್ತಿರದಿಂದ ನೋಡುತ್ತಿದ್ದಾರೆ ಅನ್ನುವುದೆಲ್ಲ ಆ ಒಂದು ಪದದಲ್ಲಿ ಕೂತಿರುತ್ತದೆ.

ಲೇಖಕರು ಇದರಲ್ಲಿ ಒಂದನ್ನೂ ಯೋಚಿಸಿರುವುದಿಲ್ಲ. ಅವರ ಭಾಷೆ ಅವರನ್ನು ಕೇಳಿಯೇ ಇಲ್ಲ. ನಮ್ಮ ಭಾಷೆ ಕೇಳುತ್ತದೆ. ಉತ್ತರ ಹೇಳದೆ ಮುಂದಕ್ಕೆ ಬಿಡುವುದೂ ಇಲ್ಲ. ಹಾಗಾಗಿ ಅನುವಾದಕಿ ಪತ್ತೇದಾರಿಯಾಗಬೇಕು. ನೂರ ನಲವತ್ತನೇ ಪುಟದಲ್ಲಿ ಎಲ್ಲೋ, ಅವಳು ಅವನನ್ನು ಸೊಂಟದ ಮೇಲೆ ಎತ್ತಿಕೊಂಡು ತಿರುಗುತ್ತಿದ್ದಳು ಅಂತ ಒಂದು ಸಾಲು ಸಿಗುತ್ತದೆ. ಓಹೋ, ತಮ್ಮ. ಅಷ್ಟರಲ್ಲಿ ನೀವು ಐವತ್ತು ಕಡೆ 'ಅಣ್ಣ' ಅಂತ ಬರೆದಾಗಿದ್ದರೆ ದೇವರೇ ಗತಿ. ಇಡೀ ಪುಸ್ತಕ ಓದದೆ ಮೊದಲ ಸಾಲು ಬರೆಯಬೇಡಿ ಅಂತ ಹಿರಿಯರು ಹೇಳುವುದು ಇದಕ್ಕೇ.

ರೋಮನ್ ಯಾಕಬ್ಸನ್ ಎಂಬ ಭಾಷಾವಿಜ್ಞಾನಿ 1959ರಲ್ಲಿ ಬರೆದ ಸಣ್ಣ ಪ್ರಬಂಧವೊಂದರಲ್ಲಿ ಇದನ್ನು ಚೆನ್ನಾಗಿ ಗುರುತಿಸಿದ್ದ. ಯಾವ ಭಾಷೆಯಲ್ಲಾದರೂ ಏನನ್ನು ಬೇಕಾದರೂ ಹೇಳಬಹುದು. ಭಾಷೆ ಭಾಷೆಗೆ ನಿಜವಾದ ವ್ಯತ್ಯಾಸ ಇರುವುದು ಏನನ್ನು ಹೇಳಲೇಬೇಕು ಅನ್ನುವುದರಲ್ಲಿ. ನನ್ನ ಕೆಲಸದ ಮುಕ್ಕಾಲು ಪಾಲು ಈ 'ಹೇಳಲೇಬೇಕು' ಜೊತೆಗಿನ ಗುದ್ದಾಟ.

ತಿರುಗಿಸಿ ನೋಡಿದರೂ ಅದೇ ಕಥೆ. 'ಅವರು ಬಂದರು' ಅನ್ನುವುದನ್ನು ಇಂಗ್ಲಿಷಿಗೆ ಮಾಡಿ ನೋಡಿ. ಗಂಡಸೋ, ಹೆಂಗಸೋ, ಒಬ್ಬರೋ, ಹತ್ತು ಜನರೋ? ಕನ್ನಡಕ್ಕೆ ಅದು ಬೇಕಾಗಿಲ್ಲ. ಗೌರವ ಕೊಟ್ಟರೆ ಸಾಕು. ಇಂಗ್ಲಿಷಿಗೆ ಗೌರವ ಬೇಕಾಗಿಲ್ಲ, ಉಳಿದದ್ದೆಲ್ಲ ಬೇಕು. ಇನ್ನು 'ನೀನು', 'ನೀವು'. ಇಪ್ಪತ್ತು ವರ್ಷ ಗಂಡನನ್ನು 'ನೀವು' ಅಂದ ಹೆಂಗಸು ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು 'ನೀನು' ಅಂದಳು ಅಂದರೆ ಕನ್ನಡ ಓದುಗರ ಎದೆ ಧಸಕ್ಕೆನ್ನುತ್ತದೆ. ಇಂಗ್ಲಿಷಿನಲ್ಲಿ ಎರಡೂ 'ಯು'. ಆ ಏಟನ್ನು ಬೇರೆ ದಾರಿಯಲ್ಲಿ ಮುಟ್ಟಿಸಬೇಕು. ಅಲ್ಲಿಯವರೆಗೆ ಒಮ್ಮೆಯೂ ಹೇಳದ ಗಂಡನ ಹೆಸರನ್ನು ಅವಳ ಬಾಯಲ್ಲಿ ಹೇಳಿಸಬಹುದು. ಇಲ್ಲವೇ ವಾಕ್ಯವನ್ನು ಕತ್ತರಿಸಿ ಗಿಡ್ಡ ಮಾಡಬಹುದು.

ಪಕ್ಕದ ಮನೆಯ ಭಾಷೆಯಾದರೆ ಸುಲಭ ಅಂದುಕೊಳ್ಳಬೇಡಿ. ತೆಲುಗಿನಲ್ಲಿ 'ನಾವು' ಅನ್ನಲು ಎರಡು ಪದ ಇವೆ. ನೀವೂ ಸೇರಿದ ನಾವು 'ಮನಂ', ನಿಮ್ಮನ್ನು ಬಿಟ್ಟ ನಾವು 'ಮೇಮು'. ಇಂದಿನ ಕನ್ನಡದಲ್ಲಿ ಇರುವುದು ಒಂದೇ 'ನಾವು'. ಹೊಸ ಸೊಸೆ ಮೊದಲ ಸಲ 'ಮನಂ' ಅಂದಾಗ ಅವಳು ಆ ಮನೆಯವಳಾದಳು ಅಂತ ತೆಲುಗು ಕಥೆಗಾರ ಒಂದೇ ಪದದಲ್ಲಿ ಹೇಳಿಬಿಡಬಹುದು. ನಾನು ಅದಕ್ಕೆ ಒಂದು ವಾಕ್ಯ ಖರ್ಚು ಮಾಡಬೇಕು.

ನೋಡಲು ಒಂದೇ ಥರ ಇರುವ ಪದಗಳು ಇನ್ನೂ ಅಪಾಯ. 'ಅವಸರ' ತಗೊಳ್ಳಿ. ನಮಗೆ ಅದು ಆತುರ. ತೆಲುಗಿನವರಿಗೆ ಅಗತ್ಯ. ಮಲಯಾಳಿಗಳಿಗೆ ಅವಕಾಶ, ಹಿಂದಿಯವರಿಗೂ ಹೆಚ್ಚುಕಡಿಮೆ ಅದೇ. ಹಿಂದಿಯ 'ಉಪನ್ಯಾಸ' ನಮ್ಮ ಕಾದಂಬರಿ, ನಮ್ಮ ಉಪನ್ಯಾಸ ಅವರ ಭಾಷಣ. ಹಿಂದಿಯ 'ಶಿಕ್ಷಾ' ಅಂದರೆ ಓದು, ನಮ್ಮ 'ಶಿಕ್ಷೆ' ಅಂದರೆ ದಂಡನೆ. (ಶಾಲೆಗೆ ಹೋದ ಎಲ್ಲರಿಗೂ ಎರಡೂ ಒಂದೇ ಅನ್ನಿಸಿರಬಹುದು, ಅದು ಬೇರೆ ಮಾತು.)

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 'ಅನುವಾದಕ್ಕೆ ಸಿಗದ ಪದಗಳು' ಅಂತ ಪಟ್ಟಿ ಮಾಡಿ ಹಂಚುವುದು ಜನಕ್ಕೆ ತುಂಬಾ ಇಷ್ಟ. ನನಗೆ ಅದರಲ್ಲಿ ಅಷ್ಟೇನೂ ಆಸಕ್ತಿ ಇಲ್ಲ. ಪದ ಸಿಗದಿದ್ದರೆ ವಿವರಿಸಬಹುದು, ಹಾಗೇ ಉಳಿಸಿಕೊಳ್ಳಬಹುದು. ನಿಜವಾಗಿ ಕೈಕೊಡುವುದು ವಾಕ್ಯ. ಇಂಗ್ಲಿಷಿನಲ್ಲಿ ಕ್ರಿಯಾಪದ ಬೇಗ ಬಂದುಬಿಡುತ್ತದೆ. ಆಮೇಲೆ ವಿವರಗಳು ಒಂದರ ಹಿಂದೆ ಒಂದು ಬಾಲದ ಹಾಗೆ ಬರುತ್ತಲೇ ಇರಬಹುದು. ಕನ್ನಡದಲ್ಲಿ ವಿವರ ಎಲ್ಲ ಮೊದಲು, ಕ್ರಿಯಾಪದ ಕೊನೆಗೆ. ಅರವತ್ತು ಪದದ ಇಂಗ್ಲಿಷ್ ವಾಕ್ಯವನ್ನು ಹಾಗೇ ತಿರುಗಿಸಿ ಇಟ್ಟರೆ, ಯಾರು ಏನು ಮಾಡಿದರು ಅಂತ ತಿಳಿಯುವ ಹೊತ್ತಿಗೆ ಓದುಗರು ಕಾಫಿಗೆ ಎದ್ದು ಹೋಗಿರುತ್ತಾರೆ. ಆ ವಾಕ್ಯವನ್ನು ಎಲ್ಲಿ ಮುರಿಯಬೇಕು, ಮುರಿದ ಮೇಲೂ ಅದರ ಉಸಿರು ಹೇಗೆ ಉಳಿಸಬೇಕು ಅನ್ನುವುದು ಯಾವ ನಿಘಂಟಿನಲ್ಲೂ ಇಲ್ಲ.

ಶಾಲೆಯಲ್ಲಿ ಕರ್ಮಣಿ ಪ್ರಯೋಗ ಕಲಿತದ್ದು ನೆನಪಿದೆಯಾ? 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು.' ಪರೀಕ್ಷೆ ಬಿಟ್ಟರೆ ಹಾಗೆ ಮಾತಾಡಿದವರನ್ನು ನಾನು ನೋಡಿಲ್ಲ. ಆದರೆ ಇಂಗ್ಲಿಷ್ ಕಾಗದಪತ್ರದ ಕನ್ನಡದಲ್ಲಿ ಈ 'ಲ್ಪಟ್ಟ' ಎಲ್ಲೆಲ್ಲೂ ಇದೆ. 'ಅರ್ಜಿದಾರರಿಂದ ಸಲ್ಲಿಸಲ್ಪಟ್ಟ ಅರ್ಜಿಯು ಅಧಿಕಾರಿಯಿಂದ ಪರಿಶೀಲಿಸಲ್ಪಡುವುದು.' ಇದನ್ನೇ 'ನೀವು ಕೊಟ್ಟ ಅರ್ಜಿಯನ್ನು ಅಧಿಕಾರಿ ನೋಡುತ್ತಾರೆ' ಅಂದರೆ ಕಡಿಮೆಯಾಗುವುದು ಗಾಂಭೀರ್ಯ ಒಂದೇ. ಅದೂ ಹೋದರೆ ಹೋಗಲಿ.

ಕಾನೂನಿನಲ್ಲಿ ಮಾತ್ರ ಹೀಗೆ ಕೈ ಬೀಸಿ ಬರೆಯುವ ಹಾಗಿಲ್ಲ. ಸಂವಿಧಾನದ 348ನೇ ವಿಧಿಯ ಪ್ರಕಾರ, ರಾಜ್ಯದ ಶಾಸಕಾಂಗ ತನ್ನ ಭಾಷೆಯಲ್ಲಿ ಕಾಯ್ದೆ ಮಾಡಿದರೂ, ರಾಜ್ಯಪಾಲರ ಅಧಿಕಾರದಡಿ ಗೆಜೆಟ್‌ನಲ್ಲಿ ಬರುವ ಇಂಗ್ಲಿಷ್ ಅನುವಾದವನ್ನು ಅದರ ಅಧಿಕೃತ ಇಂಗ್ಲಿಷ್ ಪಠ್ಯ ಅಂತ ಪರಿಗಣಿಸುತ್ತಾರೆ. ಹೈಕೋರ್ಟಿನಲ್ಲಿ ವಕೀಲರು ಅಲ್ಪವಿರಾಮಕ್ಕೂ ವಾದ ಮಾಡುತ್ತಾರಲ್ಲ, ಆ ಅಲ್ಪವಿರಾಮ ಒಬ್ಬ ಅನುವಾದಕರು ಇಟ್ಟದ್ದಿರಬಹುದು.

ಎರಡು ಪದದ ಮನೆ

ಇಷ್ಟು ಹೊತ್ತು ಕಷ್ಟ ಹೇಳಿದೆ. ಚೆನ್ನಾಗಿ ಮಾಡಿದರೆ ಹೇಗಿರುತ್ತದೆ ಅಂತಲೂ ನೋಡಬೇಕಲ್ಲ.

1833ರ ಜೂನ್ ತಿಂಗಳು. ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿ ಇಟಲಿ ಕಡೆ ಹೋಗಿ, ಅಲ್ಲಿ ಜ್ವರ ಬಂದು ಮಲಗಿ, ಕಿತ್ತಳೆ ಹಣ್ಣು ತುಂಬಿದ ಹಾಯಿ ದೋಣಿಯಲ್ಲಿ ವಾಪಸ್ ಹೊರಟಿದ್ದ. ಗಾಳಿ ನಿಂತು ದೋಣಿ ನಡುನೀರಿನಲ್ಲೇ ಉಳಿಯಿತು. ಆಗ ಅವನು ಬೆಳಕನ್ನು ಕರೆದು ಒಂದು ಪ್ರಾರ್ಥನೆ ಬರೆದ. 1920ರ ದಶಕದಲ್ಲಿ ಬಿ.ಎಂ. ಶ್ರೀಕಂಠಯ್ಯ ಅದನ್ನು ಕನ್ನಡಕ್ಕೆ ತಂದರು. 'ಕರುಣಾಳು ಬಾ ಬೆಳಕೆ' ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅದು ಚರ್ಚಿನ ಹಾಡಾಗಿತ್ತು ಅನ್ನುವುದು ಮಾತ್ರ ಎಷ್ಟೋ ಜನರಿಗೆ ಗೊತ್ತಿಲ್ಲ.

ಹತ್ತಿರದಿಂದ ನೋಡಿ. ಮೂಲದ ಮೊದಲ ಪದವೇ 'ನಡೆಸು' ಅನ್ನುವ ಕ್ರಿಯಾಪದ. ಶ್ರೀಯವರು ಅದನ್ನು ಹಿಂದಕ್ಕೆ ತಳ್ಳಿ, ಮೂಲದಲ್ಲಿ ಇಲ್ಲದ 'ಬಾ' ಹಾಕಿದರು. ನಮ್ಮಲ್ಲಿ ದೇವರನ್ನು ಮೊದಲು ಕರೆಯಬೇಕು. ಬೇಡುವುದು ಆಮೇಲೆ. 'ನನ್ನನ್ನು ಮುನ್ನಡೆಸು' ಅನ್ನುವುದು 'ಕೈಹಿಡಿದು ನಡೆಸೆನ್ನನು' ಆಯಿತು. ಆ ಕೈ ಮೂಲದ ಸಾಲಿನಲ್ಲಿ ಇಲ್ಲ. ಆ ಕೈ ಬಂದದ್ದೇ ತಡ, ದೂರದ ಬೆಳಕು ಜಾತ್ರೆಯಲ್ಲಿ ಮಗುವನ್ನು ಹಿಡಿದು ನಡೆಸುವ ತಾಯಿಯ ಹಾಗಾಯಿತು. ಆಮೇಲೆ, 'ನಾನು ಮನೆಯಿಂದ ದೂರ ಇದ್ದೇನೆ' ಅನ್ನುವ ಅರ್ಥದ ಮಾತು ಬರುತ್ತದೆ. ಶ್ರೀಯವರ ಕನ್ನಡ: 'ಮನೆ ದೂರ'. ಎರಡೇ ಪದ. 'ನಾನು' ಇಲ್ಲ, ಕ್ರಿಯಾಪದವೂ ಇಲ್ಲ. ಕನ್ನಡಕ್ಕೆ ಅವು ಬೇಕಾಗಿಲ್ಲ. ಅದೇ ಸಾಲಿನಲ್ಲಿ ಸುಮ್ಮನೆ ಕತ್ತಲಾಗಿದ್ದ ರಾತ್ರಿ 'ಕತ್ತಲೆಯ ಗವಿ' ಆಗಿದೆ. ಒಂದು ಕಡೆ ಸೇರಿಸಿದ್ದಾರೆ, ಇನ್ನೊಂದು ಕಡೆ ಕಿತ್ತು ಹಾಕಿದ್ದಾರೆ. ನಿಷ್ಠೆ ಅಂದರೆ ಪದಕ್ಕೆ ಪದ ಅನ್ನುವವರು ಇಲ್ಲಿ ಅರ್ಧ ಮಾರ್ಕೂ ಕೊಡುವುದಿಲ್ಲ. ಆದರೆ ನೂರು ವರ್ಷದಿಂದ ಜನ ಹಾಡುತ್ತಿರುವುದು ಇದನ್ನೇ.

'ಕನ್ನಡಿಸು' ಅಂತ ನಮ್ಮಲ್ಲಿ ಒಂದು ಕ್ರಿಯಾಪದವೇ ಇದೆ. ನನಗೆ ಅನುವಾದ, ಭಾಷಾಂತರ, ತರ್ಜುಮೆ ಎಲ್ಲಕ್ಕಿಂತ ಅದೇ ಇಷ್ಟ. ಸಾವಿರ ವರ್ಷದ ಹಿಂದೆ ಬಾಣನ ಸಂಸ್ಕೃತ ಗದ್ಯ 'ಕಾದಂಬರಿ'ಯನ್ನು ನಾಗವರ್ಮ ಗದ್ಯಪದ್ಯ ಬೆರೆತ ಚಂಪುವಾಗಿ ಮಾಡಿದ್ದೂ ಕನ್ನಡಿಸಿದ್ದೇ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ತಂದಿದ್ದೂ ಅದೇ. ಕಾದಂಬರಿ ಓದುವ ಚಟ ನಮ್ಮ ಮುತ್ತಜ್ಜಿಯರಿಗೆ ಹತ್ತಿದ್ದರಲ್ಲಿ ಅವರ ಪಾಲು ದೊಡ್ಡದು.

ಕನ್ನಡದಿಂದ ಹೊರಗೆ ಹೋಗುವಾಗ ಪ್ರಶ್ನೆ ಬೇರೆ. 2025ರ ಮೇ 20ರಂದು ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಸಂಕಲನ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. 50,000 ಪೌಂಡ್ ಬಹುಮಾನ ಇಬ್ಬರಿಗೂ ಸಮಪಾಲು. ಆ ಬಹುಮಾನದ ನಿಯಮವೇ ಹಾಗೆ. 'ಅನು' ಅಂತ ಮೊಟಕಾಗಿದ್ದ ಹೆಸರಿಗೆ ಅರ್ಧ ಪಾಲು! ದೀಪಾ ಅವರು ಕನ್ನಡ, ಉರ್ದು ಪದಗಳನ್ನು ವಾಲಿಸಿದ ಅಕ್ಷರದಲ್ಲಿ ಹಾಕಲಿಲ್ಲ, ಅಡಿಟಿಪ್ಪಣಿ ಕೊಡಲಿಲ್ಲ. ನಮ್ಮ ಉಚ್ಚಾರದ ಎಳೆ ಇಂಗ್ಲಿಷಿನಲ್ಲೂ ಕೇಳಲಿ ಅನ್ನುವುದು ಅವರ ನಿಲುವು. ಆದರೂ ಹೆಸರನ್ನೇ ನೋಡಿ. 'ಎದೆಯ ಹಣತೆ' ಹೋಗಿ 'ಹಾರ್ಟ್ ಲ್ಯಾಂಪ್' ಆಗಿದೆ. ಹಣತೆಯ ಮಣ್ಣು, ಎಣ್ಣೆ, ಬತ್ತಿ ಎಲ್ಲ ಲ್ಯಾಂಪಿನಲ್ಲಿ ಇಲ್ಲ. ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ಶೀರ್ಷಿಕೆಯಲ್ಲಿ ಹೋದದ್ದನ್ನು ಒಳಗಿನ ಪುಟಗಳಲ್ಲಿ ತುಂಬಿಕೊಡಬೇಕು.

ಆಡುಮಾತಿನ ವಿಷಯಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಧಾರವಾಡದ ಅಜ್ಜಿ "ಏನ್ರೀಪಾ, ಎತ್ಲಾಗ ಹೊಂಟೀರಿ?" ಅಂದರೆ ಅದನ್ನು ಯಾವ ಇಂಗ್ಲಿಷಿಗೆ ಹಾಕೋಣ? ಲಂಡನ್ನಿನ ಬೀದಿ ಇಂಗ್ಲಿಷ್ ಹಾಕಿದರೆ ಅಜ್ಜಿ ಲಂಡನ್ನಿಗೆ ಹೋಗಿಬಿಡುತ್ತಾಳೆ. ಶುದ್ಧ ಇಂಗ್ಲಿಷ್ ಹಾಕಿದರೆ ಟೀಚರ್ ಆಗುತ್ತಾಳೆ. ಅಮೆರಿಕದ ಹಳ್ಳಿಯವನ ಬಾಯಿಗೆ ನಮ್ಮ ಮಂಡ್ಯದ ಕನ್ನಡ ಹಾಕುವವರೂ ಇದ್ದಾರೆ. ಓದಲು ಮಜಾ. ಆದರೆ ಎರಡನೇ ಪುಟದಲ್ಲಿ ಅವನು ಕಬ್ಬಿನ ಗದ್ದೆಗೆ ಹೊರಟ ಹಾಗೆ ಅನ್ನಿಸಲು ಶುರುವಾಗುತ್ತದೆ.

ಊಟ ಹಾಕುವ ಕೆಲಸ

ಕಥೆ ಕಾದಂಬರಿ ಮಾಡಿ ಹೊಟ್ಟೆ ತುಂಬುವುದಿಲ್ಲ. ನನ್ನ ಬಾಡಿಗೆ ಕಟ್ಟುವುದು ಔಷಧಿ ಚೀಟಿ, ವಿಮೆ ಪತ್ರ, ಕೃಷಿ ಕರಪತ್ರ ಮತ್ತು ಮೊಬೈಲ್ ಆ್ಯಪ್‌ಗಳು. ಈ ಕೆಲಸಕ್ಕೆ ಪದಕ್ಕೆ ಇಷ್ಟು ಪೈಸೆ ಅಂತ ಲೆಕ್ಕ. ಹೊಸಬರಿಗೆ ಒಂದು ಕಿವಿಮಾತು: ಮೂಲದ ಪದಗಳನ್ನು ಎಣಿಸಿ, ಕನ್ನಡದ ಪದಗಳನ್ನಲ್ಲ. 'ಐ ಡಿಡ್ ನಾಟ್ ಹ್ಯಾವ್ ಟು ಗೋ ಹೋಮ್' ಏಳು ಪದ. 'ಮನೆಗೆ ಹೋಗಬೇಕಾಗಿರಲಿಲ್ಲ' ಎರಡು. ನಮ್ಮ ಭಾಷೆ ಪ್ರತ್ಯಯಗಳನ್ನು ಮಣಿಯ ಹಾಗೆ ಪೋಣಿಸುತ್ತದೆ. ಅದರ ಅಂದಕ್ಕೆ ನಾವು ದುಡ್ಡು ಕಳೆದುಕೊಳ್ಳಬಾರದು. ಅದರ ಮೇಲೆ ಟ್ರಾನ್ಸ್‌ಲೇಷನ್ ಮೆಮೊರಿ ಅಂತ ಒಂದು ಇರುತ್ತದೆ. ಮುಂಚೆ ಮಾಡಿದ ವಾಕ್ಯಗಳನ್ನೆಲ್ಲ ಸಾಫ್ಟ್‌ವೇರ್ ನೆನಪಿಟ್ಟುಕೊಂಡು, ಅಂಥದೇ ವಾಕ್ಯ ಮತ್ತೆ ಬಂದರೆ ಹಳೆಯದನ್ನು ಮುಂದೆ ಹಿಡಿಯುತ್ತದೆ. ಅಂಥ ವಾಕ್ಯಕ್ಕೆ ದರ ಕಡಿಮೆ.

ಆ್ಯಪ್ ಕೆಲಸದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಿರುತ್ತದೆ. ಎಕ್ಸೆಲ್ ಹಾಳೆಯ ಒಂದು ಸಾಲಿನಲ್ಲಿ ಒಂದೇ ಪದ. ಅದು ಬಟನ್ನೋ, ತಲೆಬರಹವೋ ತಿಳಿಯದು. 'ಬುಕ್' ಅಂತ ಇದ್ದರೆ ಪುಸ್ತಕವೋ, ಟಿಕೆಟ್ ಕಾಯ್ದಿರಿಸುವುದೋ? ನಾನೇ ಒಮ್ಮೆ 'ರೈಟ್' ಅನ್ನುವುದಕ್ಕೆ 'ಸರಿ' ಅಂತ ಹಾಕಿ ಕಳಿಸಿದ್ದೆ. ಅದು ಕಣ್ಣು ಪರೀಕ್ಷೆಯ ಯಂತ್ರದ ಪರದೆಗಂತೆ. ಎಡಗಣ್ಣು, ಸರಿಗಣ್ಣು! ಪುಣ್ಯಕ್ಕೆ ತಪ್ಪು ತಿದ್ದುವವರ ಕಣ್ಣಿಗೆ ಬಿತ್ತು.

ಇನ್ನೊಂದು ಪೇಚು ಖಾಲಿ ಜಾಗಗಳದು. ಇಂಗ್ಲಿಷಿನಲ್ಲಿ 'ಟು' ಅಂತ ಬರೆದು ಮುಂದೆ ಊರಿನ ಹೆಸರಿಗೆ ಖಾಲಿ ಜಾಗ ಬಿಡುತ್ತಾರೆ. ಯಾವ ಊರು ಬಂದರೂ 'ಟು' ಬದಲಾಗದು. ನಮ್ಮಲ್ಲಿ ಮಂಡ್ಯಕ್ಕೆ, ಉಡುಪಿಗೆ, ಮೈಸೂರಿಗೆ. ಖಾಲಿ ಜಾಗದ ಪಕ್ಕ 'ಗೆ' ಅಂತ ಅಂಟಿಸಿದರೆ 'ಮಂಡ್ಯಗೆ', 'ಮೈಸೂರುಗೆ' ಅಂತ ಪರದೆಯ ಮೇಲೆ ಬರುತ್ತದೆ. ನೀವು ನೋಡಿಯೇ ಇರುತ್ತೀರಿ. ಬಲ್ಲವರು ವಾಕ್ಯವನ್ನೇ ಬದಲಿಸಿ 'ತಲುಪುವ ಊರು: ಮಂಡ್ಯ' ಅಂತ ಮಾಡುತ್ತಾರೆ. ಆ್ಯಪ್‌ಗಳು ಎಲ್ಲರನ್ನೂ 'ಅವರು' ಅನ್ನುವುದು ಬರೀ ಮರ್ಯಾದೆಗಲ್ಲ. ಹೆಸರು ಗುರು ಆಗಲಿ, ಲಕ್ಷ್ಮಿ ಆಗಲಿ, ರಮೇಶ್ ಆಗಲಿ, 'ಅವರಿಗೆ' ಅಂತ ಸೇರಿಸಿದರೆ ವಿಭಕ್ತಿಯ ರಗಳೆ ಇರುವುದಿಲ್ಲ.

ಸಾಹಿತ್ಯಕ್ಕೆ ಕೈ ಹಾಕುವವರು ಮೊದಲು ಹಕ್ಕು ವಿಚಾರಿಸಿಕೊಳ್ಳಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅನುವಾದದ ಹಕ್ಕೂ ಲೇಖಕರದೇ. ಅವರು ತೀರಿಕೊಂಡ ಮೇಲೂ 60 ವರ್ಷ ಮನೆಯವರ ಅಥವಾ ಹಕ್ಕು ಪಡೆದವರ ಒಪ್ಪಿಗೆ ಬೇಕು. ಒಪ್ಪಿಗೆ ಪಡೆದು ಮಾಡಿದ ಅನುವಾದಕ್ಕೆ ಅದರದೇ ಹಕ್ಕು ಹುಟ್ಟುತ್ತದೆ. ಅದು ನಿಮ್ಮದು, ಒಪ್ಪಂದದಲ್ಲಿ ಬರೆದುಕೊಟ್ಟಿಲ್ಲದಿದ್ದರೆ. ಸಹಿ ಹಾಕುವ ಮುಂಚೆ ಆ ಸಾಲನ್ನು ಎರಡು ಸಲ ಓದಿ.

ಬಾಯಲ್ಲೇ ಅನುವಾದ ಮಾಡುವವರದು ಬೇರೆಯೇ ಕಸುಬು. ಅವರು ದುಭಾಷಿಗಳು. ಹೆಡ್‌ಫೋನ್ ಹಾಕಿ ಗಾಜಿನ ಗೂಡಿನಲ್ಲಿ ಕೂತು, ಕೇಳುತ್ತಲೇ ಮಾತಾಡುವವರು ಸಾಮಾನ್ಯವಾಗಿ ಜೋಡಿಯಾಗಿ ಇರುತ್ತಾರೆ. ಅರ್ಧ ಗಂಟೆಗೊಮ್ಮೆ ಬದಲಾಗುತ್ತಾರೆ, ಅದಕ್ಕಿಂತ ಜಾಸ್ತಿ ಹೊತ್ತು ತಲೆ ತಡೆಯುವುದಿಲ್ಲ. ಕ್ರಿಯಾಪದ ಕೊನೆಗೆ ಬರುವ ಕನ್ನಡದಿಂದ ಇಂಗ್ಲಿಷಿಗೆ ಹೀಗೆ ಮಾಡುವವರಿಗೆ ನನ್ನ ದೊಡ್ಡ ನಮಸ್ಕಾರ. ವಾಕ್ಯದ ಕೊನೆಯಲ್ಲಿ 'ಮಾಡುತ್ತೇವೆ' ಬರುತ್ತದೋ 'ಮಾಡುವುದಿಲ್ಲ' ಬರುತ್ತದೋ ಅಂತ ಕಾಯುತ್ತಲೇ ಮಾತು ಶುರು ಮಾಡಬೇಕು.

ಫೋನು ಮಾಡುವುದು, ಮಾಡದಿರುವುದು

ಈಗ ಆ ಎರಡನೇ ಪ್ರಶ್ನೆ, ಅನುವಾದ ಈಗ ಫೋನೇ ಮಾಡುತ್ತಲ್ಲ ಅನ್ನುವುದು. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗ ಅದು ತುಂಡು ತುಂಡು ಪದಗಳನ್ನು ಹೊಂದಿಸುತ್ತಿತ್ತು. ನಾವು ಓದಿ ನಗುತ್ತಿದ್ದೆವು. 2017ರಲ್ಲಿ ಇಡೀ ವಾಕ್ಯವನ್ನು ಒಟ್ಟಿಗೆ ನೋಡುವ ಹೊಸ ವಿಧಾನ ಬಂದ ಮೇಲೆ ನಗು ಕಡಿಮೆಯಾಯಿತು. ಈಗಿನ ಯಂತ್ರಗಳು ಇನ್ನೂ ಮುಂದೆ ಹೋಗಿವೆ. ಸುಳ್ಳು ಹೇಳಿ ಏನು ಪ್ರಯೋಜನ, ವಾಷಿಂಗ್ ಮಷೀನಿನ ಕೈಪಿಡಿಯನ್ನು ಅವು ನನಗಿಂತ ಬೇಗ ಮಾಡುತ್ತವೆ. ಸುಪ್ರೀಂ ಕೋರ್ಟ್ ಕೂಡ ತೀರ್ಪುಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ತರಲು 2019ರಲ್ಲಿ 'ಸುವಾಸ್' ಎಂಬ ಸಾಫ್ಟ್‌ವೇರ್ ತಂದಿತು. ಆದರೆ ಅನುವಾದ ಕಕ್ಷಿದಾರರಿಗೆ ತಿಳಿಯಲಿ ಅಂತ ಮಾತ್ರ, ಜಾರಿಗೆ ಬರುವುದು ಇಂಗ್ಲಿಷ್ ತೀರ್ಪೇ ಅಂತ ಅದರ ಜೊತೆಗೇ ಬರೆದಿರುತ್ತಾರೆ.

ಹಾಗಾಗಿ ಈಗ ನಮಗೆ ಬರುವ ಕೆಲಸದಲ್ಲಿ ದೊಡ್ಡ ಪಾಲು ಯಂತ್ರ ಮಾಡಿದ್ದನ್ನು ತಿದ್ದುವುದು. ದರ ಕಡಿಮೆ, ಆಯಾಸ ಬೇರೆ ಥರ. ಮುಂಚೆ ಯಂತ್ರದ ತಪ್ಪು ದೂರದಿಂದಲೇ ಕಾಣುತ್ತಿತ್ತು. ಈಗ ವಾಕ್ಯ ನುಣ್ಣಗಿರುತ್ತದೆ, ತಪ್ಪು ಒಳಗೆ ಬೆಚ್ಚಗೆ ಮಲಗಿರುತ್ತದೆ. 'ಸುಮ್ನೆ' ಕೊಟ್ಟು ನೋಡಿ. "ಸುಮ್ನೆ ಬಂದೆ" ಅಂದರೆ ಕಾರಣ ಏನೂ ಇಲ್ಲ. "ಸುಮ್ನಿರು" ಅಂದರೆ ಬಾಯಿ ಮುಚ್ಚು, ಅಥವಾ ಸಮಾಧಾನ ಮಾಡಿಕೋ. "ಸುಮ್ನೆ ಹೇಳಿದೆ" ಅಂದರೆ ತಮಾಷೆಗೆ. ಜಗಳ ಆದ ಮೂರು ದಿನದ ಮೇಲೆ ಫೋನ್ ಮಾಡಿ "ಏನಿಲ್ಲ, ಸುಮ್ನೆ ಮಾಡ್ದೆ" ಅಂದರೆ ಅದರ ಅರ್ಥ ಸುಮ್ಮನೆ ಅಲ್ಲವೇ ಅಲ್ಲ. ಅದನ್ನು ಹಿಡಿಯಲು ಹಿಂದಿನ ಜಗಳವನ್ನು ಓದಿರಬೇಕು, ಅಂಥದೊಂದು ಫೋನಿಗೆ ಕಾದು ಕೂತದ್ದೂ ಗೊತ್ತಿರಬೇಕು.

ಅಣ್ಣ ತಮ್ಮನ ಪ್ರಶ್ನೆ ಬಂದರೆ ಯಂತ್ರ ತಡವರಿಸುವುದಿಲ್ಲ. ಒಂದನ್ನು ಆರಿಸಿ ಮುಂದೆ ಹೋಗುತ್ತದೆ. ನಾವು ತಡವರಿಸುತ್ತೇವೆ. ಸದ್ಯ ನನ್ನ ಮೇಜಿನ ಮೇಲೆ ಒಂದು ಇಂಗ್ಲಿಷ್ ಕಥೆ ಇದೆ. ಅದರಲ್ಲಿ ಒಬ್ಬ ಸಿಸ್ಟರ್ ಇದ್ದಾಳೆ. ಇಪ್ಪತ್ತು ಪುಟ ಹುಡುಕಿದರೂ ವಯಸ್ಸು ಸಿಗಲಿಲ್ಲ. ಕೊನೆಗೆ ಲೇಖಕರಿಗೇ ಮೇಲ್ ಹಾಕಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಯೋಚಿಸಿಯೇ ಇಲ್ಲ, ನಿಮಗೆ ಹೇಗೆ ತೋಚುತ್ತದೋ ಹಾಗೆ ಮಾಡಿ ಅಂತ. ಸದ್ಯಕ್ಕೆ 'ಅಕ್ಕ' ಅಂತ ಹಾಕಿದ್ದೇನೆ. ಹದಿಮೂರನೇ ಪುಟದಲ್ಲಿ ಅವಳು ಯಾರನ್ನೂ ಕೇಳದೆ ಎದ್ದು ಹೋಗಿ ಎಲ್ಲರಿಗೂ ಬಡಿಸಲು ಶುರು ಮಾಡುತ್ತಾಳೆ.